ಅಭ್ಯಾಸವನ್ನು ಅಳೆದವರು

ಕನ್ನಡದಲ್ಲಿ ‘ಅಭ್ಯಾಸ’ವೆಂಬ ಒಂದೇ ಮಾತು ಮೂರು ಊಳಿಗಗಳನ್ನು ಮಾಡುತ್ತದೆ. ಹುಡುಗನು ಶಾಲೆಗೆ ಹೋಗಿ ಓದುಬರಹ ಕಲಿಯುವುದು ವಿದ್ಯಾಭ್ಯಾಸ. ವೈಣಿಕನು ಬೆಳಗಿನ ಜಾವದಲ್ಲೆದ್ದು ಸರಳೆ ಜಂಟಿಗಳನ್ನು ನೂರು ಸಲ ನುಡಿಸುವುದು ಅಭ್ಯಾಸ. ಮನೆಯ ಯಜಮಾನರು ಊಟವಾದೊಡನೆ ತಮಗೇ ತಿಳಿಯದಂತೆ ನಶ್ಯದ ಡಬ್ಬಿಗೆ ಕೈಹಾಕುವುದೂ ಅಭ್ಯಾಸವೇ. ಇಂಗ್ಲಿಷು ಬಲ್ಲವರು ಆ ಭಾಷೆಯಲ್ಲಿ ಈ ಮೂರಕ್ಕೂ ಬೇರೆಬೇರೆ ಶಬ್ದಗಳಿರುವುದನ್ನು ಕಂಡು, ನಮ್ಮ ನಿಘಂಟು ಬಡವಾದುದೆಂದು ಮರುಗುವುದುಂಟು. ಮರುಗುವ ಕಾರಣವಿಲ್ಲ. ಕಳೆದ ಒಂದೂವರೆ ಶತಮಾನದಲ್ಲಿ ಮನಶ್ಶಾಸ್ತ್ರಜ್ಞರು ಗಡಿಯಾರವನ್ನೂ ಕಾಗದವನ್ನೂ ಮುಂದಿಟ್ಟುಕೊಂಡು ಮನುಷ್ಯನ ಕಲಿಕೆಯನ್ನು ಅಳೆದ ಚರಿತ್ರೆಯನ್ನು ಓದಿದರೆ, ಓದು, ಸಾಧನೆ, ಚಟ ಈ ಮೂರೂ ಒಂದೇ ಬಳ್ಳಿಯ ಕಾಯಿಗಳೆಂಬುದು ಗೊತ್ತಾಗುತ್ತದೆ. ನಾವು ಪ್ರತಿಭೆಯೆಂದು ಕೈಮುಗಿಯುವ ವಸ್ತುವಿಗೂ ಸುಖವೆಂದು ಹಂಬಲಿಸುವ ವಸ್ತುವಿಗೂ ಆ ಬಳ್ಳಿಯ ಕುಡಿ ಸುತ್ತಿಕೊಂಡಿರುವುದು ಕಾಣುತ್ತದೆ.

ಜಾಣತನ ಹುಟ್ಟಿನಿಂದ ಬರುವುದೆ, ಸಾಧನೆಯಿಂದ ಬರುವುದೆ ಎಂಬ ಪ್ರಶ್ನೆಗೆ ನಮ್ಮ ಹಿರಿಯರಲ್ಲಿ ಒಂದು ಉತ್ತರವಿರಲಿಲ್ಲ, ಎರಡಿದ್ದವು. ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂದು ಜಗಲಿಯ ಮೇಲೆ ಕುಳಿತು ಹೇಳಿದವರೇ ಒಳಗೆ ಹೋಗಿ ಮಕ್ಕಳಿಗೆ ‘ಹಾಡುತ್ತ ಹಾಡುತ್ತ ರಾಗ’ ಎಂದು ಬುದ್ಧಿ ಹೇಳುತ್ತಿದ್ದರು. ಗಾದೆಗಳಿಗೆ ಇಂಥ ಸ್ವಾತಂತ್ರ್ಯವುಂಟು. ಶಾಸ್ತ್ರಕ್ಕೆ ಇಲ್ಲ, ಅದು ತೂಗಿ ನೋಡಬೇಕು. ಆದರೆ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದವರೆಗೂ ನೆನಪನ್ನು ತೂಗುವ ತಕ್ಕಡಿ ಯಾವುದೆಂಬುದೇ ಯಾರಿಗೂ ಹೊಳೆದಿರಲಿಲ್ಲ.

ಅದನ್ನು ಹೊಳೆಯಿಸಿಕೊಂಡವನು ಹರ್ಮಾನ್ ಎಬಿಂಗ್‌ಹೌಸ್. ಜರ್ಮನಿಯ ಬಾರ್ಮೆನ್ ಎಂಬ ಊರಿನಲ್ಲಿ ೧೮೫೦ರಲ್ಲಿ ಹುಟ್ಟಿದ ಈತನು ತತ್ತ್ವಶಾಸ್ತ್ರವನ್ನು ಓದಿದವನು. ಬೆಳಕು, ಭಾರ ಮೊದಲಾದವುಗಳು ಇಂದ್ರಿಯಗಳಿಗೆ ಎಷ್ಟು ತಟ್ಟುತ್ತವೆಂಬುದನ್ನು ಗಣಿತದಿಂದ ಅಳೆಯಬಹುದೆಂದು ತೋರಿಸಿದ ಫೆಖ್ನರನ ಗ್ರಂಥವೊಂದು ಇವನಿಗೆ ಹಳೆಯ ಪುಸ್ತಕಗಳ ಅಂಗಡಿಯಲ್ಲಿ ಸಿಕ್ಕಿತೆಂದು ಹೇಳುತ್ತಾರೆ. ಇಂದ್ರಿಯಗಳ ಅರಿವನ್ನು ಅಳೆಯಬಹುದಾದರೆ ನೆನಪನ್ನೇಕೆ ಅಳೆಯಬಾರದು? ಇವನಿಗೆ ಪ್ರಯೋಗಶಾಲೆಯಿರಲಿಲ್ಲ, ಶಿಷ್ಯರಿರಲಿಲ್ಲ. ಪ್ರಯೋಗ ಮಾಡುವವನೂ ಅವನೇ, ಪ್ರಯೋಗಕ್ಕೆ ಒಳಗಾಗುವವನೂ ಅವನೇ.

ಮೊದಲನೆಯ ತೊಡಕು ಇದು: ಮಾತಿಗೆ ಅರ್ಥವಿರುತ್ತದೆ. ‘ಮಳೆ’ ಎಂದೊಡನೆ ಒಬ್ಬನಿಗೆ ಮಲೆನಾಡು ನೆನಪಾಗುತ್ತದೆ, ಇನ್ನೊಬ್ಬನಿಗೆ ಸೋರುವ ಮಾಳಿಗೆ. ಹೀಗೆ ಒಬ್ಬೊಬ್ಬನ ಮನಸ್ಸಿನಲ್ಲಿ ಮೊದಲೇ ಬೇರೂರಿರುವ ಮಾತುಗಳನ್ನು ಕೊಟ್ಟರೆ ತೂಕ ಸರಿಬರುವುದಿಲ್ಲ. ಅದಕ್ಕಾಗಿ ಎಬಿಂಗ್‌ಹೌಸನು ಎರಡು ವ್ಯಂಜನಗಳ ನಡುವೆ ಒಂದು ಸ್ವರವನ್ನಿಟ್ಟು, ನಮ್ಮಲ್ಲಿ ‘ಝೂಪ್’, ‘ಲೇಫ್’ ಎಂದಂತೆ, ಅರ್ಥವಿಲ್ಲದ ಸುಮಾರು ೨,೩೦೦ ಶಬ್ದಗಳನ್ನು ತಯಾರಿಸಿಕೊಂಡನು. ಅವುಗಳನ್ನು ಕಲಸಿ, ಕೈಗೆ ಬಂದಂತೆ ತೆಗೆದು, ಹದಿಮೂರು ಹದಿಮೂರರ ಸಾಲುಗಳನ್ನು ಮಾಡಿ, ನಿಮಿಷಕ್ಕೆ ೧೫೦ ಬಡಿತಗಳ ತಾಳಕ್ಕೆ ಸರಿಯಾಗಿ, ತಪ್ಪಿಲ್ಲದೆ ಒಪ್ಪಿಸುವವರೆಗೂ ಓದುವನು. ಓದಿಗೆ ಹಿಡಿದ ಕಾಲವನ್ನು ಬರೆದಿಡುವನು. ಇಷ್ಟು ಹೊತ್ತೆಂದು ಗೊತ್ತುಮಾಡಿದ ಅವಧಿ ಕಳೆದ ಮೇಲೆ ಅದೇ ಸಾಲುಗಳನ್ನು ಮತ್ತೆ ಕಲಿಯುವನು. ಎರಡನೆಯ ಸಲ ಎಷ್ಟು ಕಾಲ ಉಳಿತಾಯವಾಯಿತೋ ಅಷ್ಟು ನೆನಪು ಒಳಗೆ ಉಳಿದಿತ್ತೆಂದು ಲೆಕ್ಕ.

ಈ ಉಪಾಯದ ಸೊಗಸನ್ನು ಗಮನಿಸಬೇಕು. ನಾವು ಪೂರ್ತಿ ಮರೆತೆವೆಂದು ಹೇಳುವ ವಸ್ತುವೂ ಎಲ್ಲಿಯೋ ಒಂದು ಕಡೆ ಉಳಿದುಕೊಂಡು, ಎರಡನೆಯ ಸಲ ಕಲಿಯುವಾಗ ಗುಟ್ಟಾಗಿ ನೆರವಾಗುತ್ತದೆ. ಆ ಗುಟ್ಟಿನ ನೆರವನ್ನು ಆತನು ನಿಮಿಷಗಳಲ್ಲಿ ಎಣಿಸಿದನು. ೧೮೭೯–೮೦ರಲ್ಲಿ ಒಂದು ಸಲ, ೧೮೮೩–೮೪ರಲ್ಲಿ ಮತ್ತೊಂದು ಸಲ, ಇಷ್ಟು ಏಕತಾನವಾದ ಈ ಕೆಲಸವನ್ನು ನಡಸಿ, ೧೮೮೫ರಲ್ಲಿ ‘ನೆನಪನ್ನು ಕುರಿತು’ ಎಂಬ ಸಣ್ಣ ಪುಸ್ತಕವನ್ನು ಪ್ರಕಟಿಸಿದನು. ಕಲಿತು ೨೦ ನಿಮಿಷವಾಗುವುದರೊಳಗೆ ಉಳಿತಾಯವು ನೂರಕ್ಕೆ ೫೮ಕ್ಕೆ ಇಳಿದಿತ್ತು. ಒಂದು ಗಂಟೆಗೆ ೪೪. ಒಂದು ದಿನಕ್ಕೆ ೩೪. ಆರು ದಿನಕ್ಕೆ ೨೫. ಒಂದು ತಿಂಗಳಿಗೆ ೨೧. ಮರೆವು ಮೊದಲನೆಯ ಗಂಟೆಯಲ್ಲಿ ಮನೆಯ ಅರ್ಧವನ್ನು ದೋಚುವ ಕಳ್ಳ. ಆಮೇಲೆ ವಾರಗಟ್ಟಲೆ ಚಿಲ್ಲರೆಯನ್ನು ಮಾತ್ರ ಕದಿಯುತ್ತಾನೆ. ಒಬ್ಬನೇ ಮನುಷ್ಯನು ತನ್ನೊಬ್ಬನ ಮೇಲೆಯೇ ಮಾಡಿದ ಪ್ರಯೋಗವನ್ನು ಎಷ್ಟರಮಟ್ಟಿಗೆ ನಂಬಬಹುದೆಂಬ ಶಂಕೆ ಸಹಜವಾದುದೇ. ಹಾಲೆಂಡಿನ ಮುರ್ರೆ ಮತ್ತು ಡ್ರೋಸ್ ಎಂಬಿಬ್ಬರು ಅದೇ ಕ್ರಮವನ್ನು ಅನುಸರಿಸಿ, ಒಬ್ಬರು ಎಪ್ಪತ್ತು ಗಂಟೆಗಳ ಕಾಲ ಇಂಥ ಅರ್ಥಹೀನ ಶಬ್ದಗಳನ್ನು ಉರುಹಾಕಿ, ೨೦೧೫ರಲ್ಲಿ ಫಲವನ್ನು ಪ್ರಕಟಿಸಿದರು. ನೂರಮೂವತ್ತು ವರ್ಷಗಳ ಹಿಂದಿನ ಗೆರೆಯ ಮೇಲೆಯೇ ಹೊಸ ಗೆರೆಯೂ ಹೆಚ್ಚುಕಡಿಮೆ ಬಂದು ಕುಳಿತಿತು.

ಆ ಪುಸ್ತಕದಲ್ಲಿ ಇನ್ನೆರಡು ಸಂಗತಿಗಳಿವೆ. ಹನ್ನೆರಡು ಶಬ್ದಗಳ ಸಾಲುಗಳನ್ನು ಒಂದೇ ದಿನ ೬೮ ಸಲ ಓದಿದ್ದರಿಂದ ಆದ ಪ್ರಯೋಜನವು, ಮೂರು ದಿನಗಳಿಗೆ ಹಂಚಿ ೩೮ ಸಲ ಓದಿದ್ದರಿಂದಲೇ ದೊರಕಿತು. ಪರೀಕ್ಷೆಯ ಹಿಂದಿನ ರಾತ್ರಿ ದೀಪದ ಮುಂದೆ ಕುಳಿತು ತಲೆಗೆ ತಣ್ಣೀರು ಹಾಕಿಕೊಳ್ಳುವ ನಮ್ಮ ವಿದ್ಯಾರ್ಥಿಗಳು ಈ ಅಂಕಿಗಳನ್ನು ಗೋಡೆಯ ಮೇಲೆ ಬರೆದುಕೊಂಡರೆ ತಪ್ಪಲ್ಲ. ಎರಡನೆಯದು, ಬೈರನ್ ಕವಿಯ ಕಾವ್ಯದ ಪದ್ಯಗಳನ್ನು ಇದೇ ರೀತಿಯಲ್ಲಿ ಕಲಿತು ನೋಡಿದಾಗ, ಅರ್ಥವಿಲ್ಲದ ಅಷ್ಟೇ ಶಬ್ದಗಳಿಗೆ ಬೇಕಾಗುವ ಶ್ರಮದಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಸಾಕಾಯಿತು. ಅರ್ಥ, ಛಂದಸ್ಸು, ಪ್ರಾಸ ಇವು ಕಾವ್ಯಕ್ಕೆ ಅಲಂಕಾರವೆಂದು ಕೆಲವರು ತಿಳಿದಿದ್ದಾರೆ. ನೆನಪಿಗೆ ಅವು ಹೊರೆಯಾಳುಗಳು. ವೇದವನ್ನು ಪದ, ಕ್ರಮ, ಜಟೆ, ಘನಗಳೆಂದು ತಿರುಗಿಸಿ ಮುರುಗಿಸಿ ವರ್ಷಗಟ್ಟಲೆ ಹೇಳಿಸುತ್ತಿದ್ದವರಿಗೆ ಇದು ಹೊಸ ಸುದ್ದಿಯಾಗಿ ತೋರಲಾರದು. ಆದರೆ ಅವರು ಅಂಕಿಗಳನ್ನಿಟ್ಟಿರಲಿಲ್ಲ.

ನೆನಪು ಗರಡಿಯ ಪೈಲ್ವಾನನ ತೋಳಿನಂತೆ, ಸಾಮು ಮಾಡಿದಷ್ಟೂ ಬಲಿಯುವುದೆಂಬ ನಂಬಿಕೆ ನಮ್ಮಲ್ಲಿಯೂ ಇತ್ತು, ಅವರಲ್ಲಿಯೂ ಇತ್ತು. ಅಮೆರಿಕದ ವಿಲಿಯಮ್ ಜೇಮ್ಸನು ಇದನ್ನು ತನ್ನ ಮೇಲೆಯೇ ಪರೀಕ್ಷಿಸಿಕೊಂಡನು. ವಿಕ್ಟರ್ ಹ್ಯೂಗೋ ಕವಿಯ ಒಂದು ಕಾವ್ಯದಿಂದ ೧೫೮ ಪಂಕ್ತಿಗಳನ್ನು ಎಂಟು ದಿನಗಳಲ್ಲಿ ಬಾಯಿಪಾಠ ಮಾಡಿದನು. ಒಟ್ಟು ಸುಮಾರು ೧೩೨ ನಿಮಿಷ ಹಿಡಿಯಿತು. ಆಮೇಲೆ ದಿನಕ್ಕೆ ಇಪ್ಪತ್ತು ನಿಮಿಷಕ್ಕೆ ಮೇಲ್ಪಟ್ಟು ಕುಳಿತು, ೩೮ ದಿನಗಳಲ್ಲಿ, ಮಿಲ್ಟನ್ನನ ಮಹಾಕಾವ್ಯದ ಮೊದಲನೆಯ ಕಾಂಡವನ್ನು ಪೂರ್ತಿಯಾಗಿ ಕಂಠಸ್ಥ ಮಾಡಿದನು. ಇಷ್ಟು ಸಾಮು ಮಾಡಿದ ನೆನಪನ್ನು ಹಿಡಿದುಕೊಂಡು ಹ್ಯೂಗೋವಿನ ಮುಂದಿನ ೧೫೮ ಪಂಕ್ತಿಗಳಿಗೆ ಹೋದರೆ, ಈ ಸಲ ಹಿಡಿದುದು ೧೫೧½ ನಿಮಿಷ! ಆ ದಿನಗಳಲ್ಲಿ ಬೇರೆ ಕೆಲಸದಿಂದ ದಣಿದಿದ್ದೆನೆಂದು ಜೇಮ್ಸನು ಪ್ರಾಮಾಣಿಕವಾಗಿ ಹೇಳಿಕೊಂಡು, ಇತರರಿಂದಲೂ ಇಂಥದೇ ಪ್ರಯೋಗ ಮಾಡಿಸಿ, ೧೮೯೦ರ ತನ್ನ ಮನಶ್ಶಾಸ್ತ್ರ ಗ್ರಂಥದಲ್ಲಿ ಇದನ್ನು ಸೇರಿಸಿದನು. ೧೯೦೧ರಲ್ಲಿ ಥಾರ್ನ್‌ಡೈಕ್ ಮತ್ತು ವುಡ್‌ವರ್ತ್ ಎಂಬವರು, ಒಂದು ಬಗೆಯ ಆಕಾರದ ವಿಸ್ತೀರ್ಣವನ್ನು ಅಂದಾಜು ಮಾಡಲು ಕಲಿತವರಿಗೆ ಬೇರೊಂದು ಬಗೆಯ ಆಕಾರಕ್ಕೆ ಆ ಕಲಿಕೆ ಅಷ್ಟಾಗಿ ಒದಗುವುದಿಲ್ಲವೆಂದು ತೋರಿಸಿದರು. ಅಮರಕೋಶವನ್ನು ಕಂಠಪಾಠ ಮಾಡಿದರೆ ಬುದ್ಧಿಯೆಲ್ಲ ಹರಿತವಾಗುವುದೆಂದು ಹೇಳುತ್ತಿದ್ದ ನಮ್ಮ ಹಿರಿಯರಿಗೆ ಇದರಿಂದ ಅಸಮಾಧಾನವಾಗಬಹುದು. ಅಮರದಿಂದ ಬರುವುದು ಅಮರವೇ. ಅದೇನು ಕಡಮೆಯ ಲಾಭವಲ್ಲ.

ಈ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದ ಅಧ್ಯಾಯವು ಪ್ರಯೋಗಶಾಲೆಯಲ್ಲಿ ನಡೆದುದಲ್ಲ, ತಂತಿಯ ಕಛೇರಿಯಲ್ಲಿ. ಅಮೆರಿಕದ ಇಂಡಿಯಾನ ವಿಶ್ವವಿದ್ಯಾನಿಲಯದ ಬ್ರಯನ್ ಎಂಬ ಅಧ್ಯಾಪಕನೂ, ಮೊದಲು ರೈಲ್ವೆ ತಂತಿಯ ಕೆಲಸದಲ್ಲಿದ್ದು ಆಮೇಲೆ ಓದಲು ಬಂದ ಹಾರ್ಟರ್ ಎಂಬವನೂ ಕೂಡಿ, ತಂತಿಯ ವಿದ್ಯೆಯನ್ನು ಕಲಿಯುವ ಹುಡುಗರನ್ನು ವಾರವಾರವೂ ಪರೀಕ್ಷಿಸಿ, ನಿಮಿಷಕ್ಕೆ ಎಷ್ಟು ಅಕ್ಷರ ಕಳುಹಿಸಿದರು, ಎಷ್ಟು ಅಕ್ಷರ ಕೇಳಿ ಬರೆದುಕೊಂಡರು ಎಂಬುದನ್ನು ನಕ್ಷೆಯ ಮೇಲೆ ಗುರುತಿಸಿದರು. ಅವರ ಲೇಖನಗಳು ೧೮೯೭ರಲ್ಲಿಯೂ ೧೮೯೯ರಲ್ಲಿಯೂ ಹೊರಬಂದವು. ಕಳುಹಿಸುವ ವಿದ್ಯೆಯ ಗೆರೆ ಮೊದಲು ಬೇಗ, ಆಮೇಲೆ ನಿಧಾನವಾಗಿ, ಏರುತ್ತಲೇ ಹೋಯಿತು. ಕೇಳಿ ಬರೆದುಕೊಳ್ಳುವ ವಿದ್ಯೆಯ ಗೆರೆ ಮಾತ್ರ ಸ್ವಲ್ಪ ದೂರ ಏರಿ, ಆಮೇಲೆ ವಾರಗಟ್ಟಲೆ ಚಪ್ಪಟೆಯಾಗಿ ಬಿದ್ದುಕೊಂಡಿತು. ಹುಡುಗನು ದಿನವೂ ಮೊದಲಿನಂತೆಯೇ ಶ್ರಮಿಸುತ್ತಿದ್ದಾನೆ. ಫಲ ಮಾತ್ರ ಒಂದು ಅಂಗುಲವೂ ಮುಂದೆ ಹೋಗದು. ಮತ್ತೆ ಒಂದು ದಿನ, ಕಾರಣ ತಿಳಿಯದಂತೆ, ಗೆರೆ ಮೇಲೇಳುತ್ತದೆ.

ಈ ಚಪ್ಪಟೆಯ ಭಾಗಕ್ಕೆ ಅವರು ಪ್ರಸ್ಥಭೂಮಿಯೆಂದು ಹೆಸರಿಟ್ಟರು. ಮೈಸೂರಿನವರಿಗೆ ಪ್ರಸ್ಥಭೂಮಿಯೆಂದರೇನೆಂದು ವಿವರಿಸಬೇಕಾಗಿಲ್ಲ. ಕರಾವಳಿಯಿಂದ ಘಟ್ಟವನ್ನು ಹತ್ತಿ ಬಂದವನು ಬಯಲನ್ನು ಕಂಡು ‘ಇನ್ನು ಹತ್ತುವುದು ಮುಗಿಯಿತು’ ಎಂದುಕೊಳ್ಳುವನು; ಬಾಬಾಬುಡನ್‌ಗಿರಿ ಅವನ ಕಣ್ಣಿಗೆ ಇನ್ನೂ ಬಿದ್ದಿರುವುದಿಲ್ಲ.

ಹಾಗಾದರೆ ಆ ವಾರಗಳಲ್ಲಿ ಒಳಗೆ ಏನು ನಡೆಯುತ್ತಿತ್ತು? ಬ್ರಯನ್ ಮತ್ತು ಹಾರ್ಟರರ ಸಮಾಧಾನ ಇದು. ತಂತಿಯನ್ನು ಕಲಿಯುವವನು ಮೊದಲು ಟಕಟಕವೆಂಬ ಸದ್ದನ್ನು ಅಕ್ಷರ ಅಕ್ಷರವಾಗಿ ಕೇಳುತ್ತಾನೆ. ಅಕ್ಷರಗಳ ಕಡೆಗೆ ಗಮನ ಕೊಡಬೇಕಾಗಿರುವವರೆಗೂ ಮಾತುಗಳ ಕಡೆಗೆ ಗಮನ ಕೊಡಲು ಅವನಿಗೆ ಬಿಡುವಿಲ್ಲ. ಅಕ್ಷರವು ಅಭ್ಯಾಸವಾಗಿ, ಅಂದರೆ ನಮ್ಮ ಯಜಮಾನರ ನಶ್ಯದಂತೆ ಮನಸ್ಸಿನ ಅಪ್ಪಣೆಯನ್ನೇ ಬೇಡದಂತೆ ಆದಾಗ, ಕಿವಿಗೆ ಮಾತು ಕೇಳಿಸತೊಡಗುತ್ತದೆ. ಮಾತೂ ಅಭ್ಯಾಸವಾದ ಮೇಲೆ ವಾಕ್ಯದ ತುಂಡುಗಳೇ ಒಟ್ಟಾಗಿ ಕೇಳಿಸುತ್ತವೆ. ಪಳಗಿದ ತಂತಿಯ ಗುಮಾಸ್ತನ ಲೇಖನಿ ಅವನ ಕಿವಿಗಿಂತ ಎಷ್ಟೋ ಮಾತುಗಳಷ್ಟು ಹಿಂದೆ ಬರುತ್ತಿರುತ್ತದೆ, ಅವನು ಅವಸರಪಡುವುದಿಲ್ಲ. ಪತ್ರಿಕೆಯ ಸುದ್ದಿಯನ್ನು ನಿರಾಯಾಸವಾಗಿ ಹಿಡಿಯಬಲ್ಲ ನುರಿತ ಆಳು ತಯಾರಾಗಲು ಹತ್ತು ವರ್ಷ ಬೇಕೆಂದು ಅವರ ಅಂದಾಜು. ಪ್ರಸ್ಥಭೂಮಿಯು ಕಲಿಕೆ ನಿಂತುಹೋದ ಜಾಗವಲ್ಲ. ಕಲಿತುದು ಇಳಿದು ತಳದಲ್ಲಿ ಗಟ್ಟಿಯಾಗುವ ಜಾಗ.

ಇದರಲ್ಲಿ ಒಂದು ಕ್ರೂರವಾದ ಸಂಗತಿಯಿದೆ. ಮುಖ್ಯ ತಂತಿಯ ಮಾರ್ಗದಲ್ಲಿ ಕೆಲಸಕ್ಕೆ ಸೇರಲು ಎಷ್ಟು ವೇಗ ಬೇಕೋ ಅದಕ್ಕಿಂತ ಸ್ವಲ್ಪ ಕೆಳಗೆಯೇ ಈ ಚಪ್ಪಟೆ ಬಯಲು ಬರುತ್ತಿತ್ತು. ಎಷ್ಟೋ ಹುಡುಗರು ಅಲ್ಲಿಯೇ ಎದೆಗೆಟ್ಟು, ತಮಗೆ ಈ ವಿದ್ಯೆ ಹತ್ತದೆಂದು ಬಿಟ್ಟುಹೋಗುತ್ತಿದ್ದರು. ಇಂಥ ಹುಡುಗರನ್ನು ನಾನು ಬಲ್ಲೆ. ಹಳ್ಳಿಯ ಶಾಲೆಯಲ್ಲಿ ಕನ್ನಡದಲ್ಲಿ ಓದಿ, ಲೆಕ್ಕದಲ್ಲಿಯೂ ವಿಜ್ಞಾನದಲ್ಲಿಯೂ ಮೊದಲಿಗನೆನಿಸಿಕೊಂಡು ಕಾಲೇಜಿಗೆ ಬಂದ ಹುಡುಗನು, ಇಂಗ್ಲಿಷಿನ ಉಪನ್ಯಾಸದ ಮುಂದೆ ಮೊದಲನೆಯ ವರ್ಷ ತಂತಿಯ ಸದ್ದನ್ನು ಕೇಳುವವನಂತೆಯೇ ಕುಳಿತಿರುತ್ತಾನೆ. ಒಂದೊಂದು ಮಾತನ್ನೂ ಬಿಡಿಸಿ ನೋಡುವಷ್ಟರಲ್ಲಿ ಅಧ್ಯಾಪಕರು ಮುಂದಿನ ವಾಕ್ಯಕ್ಕೆ ಹೋಗಿರುತ್ತಾರೆ. ಆರು ತಿಂಗಳ ನಕ್ಷೆ ತೆಗೆದರೆ ಅವನ ಗೆರೆ ಚಪ್ಪಟೆ. ಆ ಆರು ತಿಂಗಳಿನಲ್ಲಿಯೇ ನಾವು ಪರೀಕ್ಷೆ ಇಟ್ಟು, ಅಂಕ ಕೊಟ್ಟು, ‘ಈ ಹುಡುಗನಿಗೆ ತಲೆಯಿಲ್ಲ’ ಎಂದು ಬರೆದುಬಿಡುತ್ತೇವೆ. ಹುಡುಗನೂ ಅದನ್ನು ನಂಬುತ್ತಾನೆ. ನಂಬಿದ ಮೇಲೆ ಆ ಮಾತು ನಿಜವಾಗಲು ತಡವಿಲ್ಲ.

ಬ್ರಯನ್ ಮತ್ತು ಹಾರ್ಟರರ ಮಾತನ್ನೂ ಕಾಲವು ಪೂರ್ತಿ ಒಪ್ಪಲಿಲ್ಲವೆಂದು ಹೇಳುವುದು ನ್ಯಾಯ. ಬೇರೆ ಕ್ರಮದಿಂದ ತಂತಿ ಕಲಿತ ಅನೇಕರಲ್ಲಿ ಈ ಬಯಲು ಕಾಣಲೇ ಇಲ್ಲವೆಂದು ತೋರಿಸಿ, ಕೆಲ್ಲರ್ ಎಂಬ ಮನಶ್ಶಾಸ್ತ್ರಜ್ಞನು ೧೯೫೮ರಲ್ಲಿ ಅದನ್ನು ಮಾಯೆಯ ಪ್ರಸ್ಥಭೂಮಿಯೆಂದು ಕರೆದನು. ನನ್ನ ದೃಷ್ಟಿಯಲ್ಲಿ ಇದರಿಂದ ಆಶೆ ಹೆಚ್ಚುತ್ತದೆಯೇ ಹೊರತು ಕುಗ್ಗುವುದಿಲ್ಲ. ಬಯಲು ಕೆಲವರ ದಾರಿಯಲ್ಲಿದ್ದು ಕೆಲವರ ದಾರಿಯಲ್ಲಿ ಇಲ್ಲವಾದರೆ, ಅದು ಇರುವುದು ಕಲಿಸುವ ಕ್ರಮದಲ್ಲಿ, ಕಲಿಯುವವನ ಹಣೆಯಲ್ಲಲ್ಲ.

ಹಣೆಯಲ್ಲಿಯೇ ಇದೆಯೆಂದು ಹೇಳಿದವರೂ ಇದ್ದರು, ಅವರು ಸಾಮಾನ್ಯರಲ್ಲ. ಫ್ರಾನ್ಸಿಸ್ ಗಾಲ್ಟನ್ನನು ೧೮೬೯ರಲ್ಲಿ ಇಂಗ್ಲೆಂಡಿನ ನ್ಯಾಯಾಧೀಶರು, ಮಂತ್ರಿಗಳು, ಕವಿಗಳು, ವಿಜ್ಞಾನಿಗಳು ಇವರ ವಂಶವೃಕ್ಷಗಳನ್ನೆಲ್ಲ ಬರೆದು, ಪ್ರತಿಭೆಯು ರಕ್ತದಲ್ಲಿ ಹರಿದುಬರುವುದೆಂದು ವಾದಿಸಿದನು. ಚಾರ್ಲ್ಸ್ ಡಾರ್ವಿನ್ನನು ಅವನಿಗೆ ಸಂಬಂಧಿ; ಇಬ್ಬರಿಗೂ ಎರಾಸ್ಮಸ್ ಡಾರ್ವಿನ್ನನೇ ತಾತ. ಪುಸ್ತಕವನ್ನು ಓದಿ ಡಾರ್ವಿನ್ನನು, ಮೂಢರನ್ನು ಬಿಟ್ಟರೆ ಮನುಷ್ಯರಲ್ಲಿ ಬುದ್ಧಿಯ ವ್ಯತ್ಯಾಸಕ್ಕಿಂತ ಹುರುಪಿನ ಮತ್ತು ದುಡಿಮೆಯ ವ್ಯತ್ಯಾಸವೇ ಹೆಚ್ಚೆಂದು ತಾನು ನಂಬಿದ್ದುದನ್ನು ತಿಳಿಸಿ, ಗಾಲ್ಟನ್ನನು ತನ್ನ ಮನಸ್ಸನ್ನು ಒಂದು ಮಟ್ಟಿಗೆ ತಿರುಗಿಸಿದನೆಂದು ಬರೆದನು. ಆದರೂ ಹುರುಪು ದುಡಿಮೆಗಳ ಮಹತ್ವವನ್ನು ಆತನು ಬಿಟ್ಟುಕೊಡಲಿಲ್ಲ. ನ್ಯಾಯಾಧೀಶನ ಮಗನಿಗೆ ರಕ್ತದೊಡನೆ ತಂದೆಯ ಪುಸ್ತಕಗಳೂ ಸ್ನೇಹಿತರೂ ದೊರಕುತ್ತಾರೆಂಬುದನ್ನು ಗಾಲ್ಟನ್ನನು ತಕ್ಕಷ್ಟು ಎಣಿಸಲಿಲ್ಲವೆಂದು ನನಗೆ ತೋರುತ್ತದೆ.

ಬುದ್ಧಿಯನ್ನು ನೇರವಾಗಿ ಅಳೆಯುವ ಕೋಲು ಬಂದುದು ಪ್ಯಾರಿಸಿನಿಂದ. ಶಾಲೆಯಲ್ಲಿ ಹಿಂದೆ ಬಿದ್ದ ಮಕ್ಕಳಲ್ಲಿ ಯಾರಿಗೆ ವಿಶೇಷ ಸಹಾಯ ಬೇಕೆಂಬುದನ್ನು ಗೊತ್ತುಮಾಡಲು ಆಲ್‌ಫ್ರೆಡ್ ಬಿನೆ ೧೯೦೫ರಲ್ಲಿ ಕೆಲವು ಪ್ರಶ್ನೆಗಳನ್ನು ರಚಿಸಿದನು. ಬುದ್ಧಿಯು ಹೆಚ್ಚಿಸಲಾಗದ ಒಂದು ಸ್ಥಿರವಾದ ಮೊತ್ತವೆಂಬ ಮಾತನ್ನು ಅವನು ಖಂಡಿಸಿದ್ದನು, ೧೯೧೧ರಲ್ಲಿ ತೀರಿಕೊಂಡನು. ಅವನ ಕೋಲು ಸಾಗರವನ್ನು ದಾಟಿದ ಮೇಲೆ ಅದರ ಉಪಯೋಗ ತಲೆಕೆಳಗಾಯಿತು. ಇತ್ತ ಸ್ಪಿಯರ್‌ಮನ್ನನು ಎಲ್ಲ ಜಾಣತನಗಳ ತಳದಲ್ಲಿಯೂ ಒಂದು ಸಾಮಾನ್ಯ ಶಕ್ತಿಯಿದೆಯೆಂದು ೧೯೦೪ರಲ್ಲಿ ಪ್ರತಿಪಾದಿಸಿದ್ದನು. ಇಲ್ಲಿ ನಮ್ಮ ಊರಿನ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಲಂಡನ್ನಿನಲ್ಲಿ ಸ್ಪಿಯರ್‌ಮನ್ನನ ಬಳಿ ಕಲಿತು ಬಂದು, ಮೈಸೂರು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗವನ್ನು ೧೯೨೪ರಲ್ಲಿ ಕಟ್ಟಿದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರೇ, ೧೯೩೫ರಲ್ಲಿ ತಮ್ಮ ಮನೆಯಲ್ಲಿ ಒಂದು ಸಣ್ಣ ಯಂತ್ರವನ್ನಿಟ್ಟು ‘ಆಕಾಶವಾಣಿ’ಯನ್ನು ಆರಂಭಿಸಿದವರು. ರೇಡಿಯೋದಲ್ಲಿ ಮನಶ್ಶಾಸ್ತ್ರವನ್ನು ಕುರಿತು ಮಾತನಾಡುವವನು ಮೈಸೂರಿನಲ್ಲಿ ಪರರ ಮನೆಗೆ ಬಂದವನಲ್ಲ.

ಅಮೆರಿಕದಲ್ಲಿ ಲೂಯಿಸ್ ಟರ್ಮನ್ನನು ಬಿನೆಯ ಕೋಲನ್ನು ೧೯೧೬ರಲ್ಲಿ ತಿದ್ದಿ, ೧೯೨೧ರಲ್ಲಿ ಅದನ್ನು ಹಿಡಿದು ಕ್ಯಾಲಿಫೋರ್ನಿಯದ ಶಾಲೆಗಳಿಗೆ ಹೋಗಿ, ಅತ್ಯಂತ ಬುದ್ಧಿವಂತರಾದ ಸುಮಾರು ೧,೫೦೦ ಮಕ್ಕಳನ್ನು ಆರಿಸಿ, ಅವರ ಇಡೀ ಜೀವಮಾನವನ್ನು ಹಿಂಬಾಲಿಸಿ ನೋಡುವ ಸಂಕಲ್ಪ ಮಾಡಿದನು. ಮಹಾಪುರುಷರು ಈ ಗುಂಪಿನಿಂದಲೇ ಹೊರಬರುವರೆಂದು ಅವನ ನಿರೀಕ್ಷೆ. ಮಕ್ಕಳೇನೋ ದೊಡ್ಡವರಾಗಿ ವೈದ್ಯರು, ವಕೀಲರು, ಅಧ್ಯಾಪಕರು ಆಗಿ ಚೆನ್ನಾಗಿಯೇ ಬಾಳಿದರು. ಆದರೆ ನೊಬೆಲ್ ಬಹುಮಾನ ಒಬ್ಬರಿಗೂ ಬರಲಿಲ್ಲ. ಬಂದುದು, ಪರೀಕ್ಷೆಗೆ ಕುಳಿತು, ಅಂಕ ಸಾಲದೆ ಗುಂಪಿನಿಂದ ಹೊರಗುಳಿದ ಇಬ್ಬರು ಹುಡುಗರಿಗೆ. ವಿಲಿಯಮ್ ಶಾಕ್ಲೆಗೆ ೧೯೫೬ರಲ್ಲಿ, ಲೂಯಿಸ್ ಆಲ್ವಾರೆಜನಿಗೆ ೧೯೬೮ರಲ್ಲಿ, ಇಬ್ಬರಿಗೂ ಭೌತಶಾಸ್ತ್ರದಲ್ಲಿಯೇ. ಟರ್ಮನ್ನನೂ ಅವನ ಜೊತೆಗಾತಿ ಓಡೆನ್ನಳೂ ೧೯೪೭ರಲ್ಲಿ, ಆರಿಸಿದ್ದ ಗಂಡಸರಲ್ಲಿ ತುಂಬ ಮುಂದೆ ಬಂದ ೧೫೦ ಮಂದಿಯನ್ನೂ ತುಂಬ ಹಿಂದುಳಿದ ೧೫೦ ಮಂದಿಯನ್ನೂ ಹೋಲಿಸಿ ನೋಡಿದರು. ಬುದ್ಧಿಯ ಅಂಕದಲ್ಲಿ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಅಂತರವಿದ್ದುದು ಹಿಡಿದ ಕೆಲಸವನ್ನು ಬಿಡದಿರುವುದರಲ್ಲಿ, ಆತ್ಮವಿಶ್ವಾಸದಲ್ಲಿ, ಗುರಿಯಿಟ್ಟು ನಡೆಯುವುದರಲ್ಲಿ. ಮತ್ತು, ಗಾಲ್ಟನ್ನನು ಎಣಿಸದೆ ಬಿಟ್ಟ, ಹುಟ್ಟಿ ಬೆಳೆದ ಮನೆಯ ಅನುಕೂಲದಲ್ಲಿ.

ಹಾಗಾದರೆ ಹುಟ್ಟಿನಿಂದ ಬರುವ ಪ್ರತಿಭೆಯೇ ಇಲ್ಲವೆ? ಅಷ್ಟು ದೂರ ಹೋಗಲು ನಾನು ಸಿದ್ಧನಲ್ಲ. ಬೆಂಗಳೂರಿನಲ್ಲಿ ೧೯೨೯ರಲ್ಲಿ ಹುಟ್ಟಿದ ಶಕುಂತಲಾದೇವಿಯವರ ತಂದೆ ಸರ್ಕಸ್ಸಿನಲ್ಲಿ ಕೆಲಸ ಮಾಡುತ್ತಿದ್ದವರು. ಶಾಲೆಯ ಓದಿನ ಅನುಕೂಲ ಆ ಮನೆಯಲ್ಲಿರಲಿಲ್ಲ. ಮೂರು ವರ್ಷದ ಮಗು ಇಸ್ಪೀಟಿನ ಎಲೆಗಳನ್ನು ನೆನಪಿನಲ್ಲಿಟ್ಟುಕೊಳ್ಳುವುದನ್ನು ತಂದೆಯು ಕಂಡುಹಿಡಿದರು. ೧೯೮೦ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹದಿಮೂರು ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು ಅವರು ೨೮ ಸೆಕೆಂಡುಗಳಲ್ಲಿ ಗುಣಿಸಿದರು. ೧೯೮೮ರಲ್ಲಿ ಕ್ಯಾಲಿಫೋರ್ನಿಯದ ಆರ್ಥರ್ ಜೆನ್ಸನ್ನನು ಅವರನ್ನು ಪರೀಕ್ಷಿಸಿದನು. ೬,೧೬,೨೯,೮೭೫ರ ಘನಮೂಲವನ್ನು ಕೇಳಿದರೆ, ಉತ್ತರವಾದ ೩೯೫ನ್ನು ಪ್ರಶ್ನೆ ಕೇಳಿದವನು ಪುಸ್ತಕದಲ್ಲಿ ಬರೆದುಕೊಳ್ಳುವುದಕ್ಕೆ ಮುಂಚೆಯೇ ಆಕೆ ಹೇಳಿಬಿಟ್ಟಿದ್ದರು. ಬುದ್ಧಿಯು ಬಹುಮಟ್ಟಿಗೆ ಹುಟ್ಟಿನಿಂದ ಬರುವುದೆಂಬ ಪಕ್ಷದಲ್ಲಿ ಹೆಸರಾಂತವನು ಜೆನ್ಸನ್. ಆದುದರಿಂದ ಆಕೆಯ ಮನಸ್ಸಿನ ಮೂಲವೇಗವನ್ನೇ ಹಿಡಿಯಬೇಕೆಂದು, ದೀಪ ಹೊತ್ತಿದೊಡನೆ ಗುಂಡಿಯನ್ನು ಒತ್ತುವಂಥ ಸರಳ ಪರೀಕ್ಷೆಗಳನ್ನು ಕೊಟ್ಟನು. ಅವುಗಳಲ್ಲಿ ಆಕೆಯ ವೇಗ ಯಾವ ವಿಶೇಷವೂ ಇಲ್ಲದೆ, ಇತರರ ವೇಗದಂತೆಯೇ ಇತ್ತು! ೧೯೯೦ರಲ್ಲಿ ಅವನು ಇದನ್ನು ಮರೆಮಾಚದೆ ಪ್ರಕಟಿಸಿದನು. ತಂತಿಯ ಗುಮಾಸ್ತನು ವಾಕ್ಯಗಳನ್ನು ಕೇಳುವಂತೆ ಆಕೆ ಸಂಖ್ಯೆಗಳನ್ನು ಕಾಣುತ್ತಿದ್ದರು. ಅಂಕಿಗಳ ಮೇಲೆ ಮೂರು ವರ್ಷದಿಂದಲೇ ಅಷ್ಟು ಪ್ರೀತಿ ಏಕೆ ಹುಟ್ಟಿತೆಂದು ಯಾವ ಗುಂಡಿಯೂ ಹೇಳದು. ಹುಟ್ಟಿನ ಪಾಲು ಬಹುಶಃ ಆ ಪ್ರೀತಿಯಲ್ಲಿಯೇ ಅಡಗಿದೆ.

ಅಭ್ಯಾಸವು ಮಿದುಳಿನಲ್ಲಿ ಎಲ್ಲಿ ಮನೆಮಾಡಿಕೊಂಡಿದೆಯೆಂಬುದು ತಿಳಿದುಬಂದುದು ಒಬ್ಬ ಮನುಷ್ಯನ ದುರದೃಷ್ಟದಿಂದ. ೧೯೫೩ರ ಆಗಸ್ಟ್ ತಿಂಗಳಿನಲ್ಲಿ, ಅಮೆರಿಕದ ಹಾರ್ಟ್‌ಫರ್ಡ್ ನಗರದಲ್ಲಿ, ಅಪಸ್ಮಾರದಿಂದ ನರಳುತ್ತಿದ್ದ ಇಪ್ಪತ್ತೇಳು ವರ್ಷದ ಹೆನ್ರಿ ಮೊಲೇಸನ್ ಎಂಬವನ ಮಿದುಳಿನ ಎರಡು ಪಾರ್ಶ್ವಗಳಿಂದಲೂ, ಕಡಲಕುದುರೆಯ ಆಕಾರವಿರುವುದರಿಂದ ಗ್ರೀಕಿನಲ್ಲಿ ಅದೇ ಹೆಸರನ್ನು ಪಡೆದ ಹಿಪ್ಪೊಕ್ಯಾಂಪಸ್ ಎಂಬ ಅಂಗದ ಬಹುಭಾಗವನ್ನೂ ಅದರ ನೆರೆಯ ಭಾಗಗಳನ್ನೂ ತೆಗೆದುಹಾಕಿದರು. ರೋಗವೇನೋ ಇಳಿಯಿತು. ಆದರೆ ಅಂದಿನಿಂದ ಯಾವ ಹೊಸ ಸಂಗತಿಯೂ ಅವನ ಮನಸ್ಸಿನಲ್ಲಿ ನಿಲ್ಲಲಿಲ್ಲ. ಮಾತನಾಡಿ ಹೊರಗೆ ಹೋದವರು ಮರಳಿ ಬಂದರೆ ಅವರನ್ನು ಹೊಸಬರಂತೆ ಬರಮಾಡಿಕೊಳ್ಳುವನು. ಬ್ರೆಂಡಾ ಮಿಲ್ನರ್ ಎಂಬ ವಿದುಷಿಯು ಅವನ ಮುಂದೆ ಒಂದು ನಕ್ಷತ್ರದ ಚಿತ್ರವನ್ನಿಟ್ಟು, ಕೈಯನ್ನು ಕನ್ನಡಿಯಲ್ಲಿ ಮಾತ್ರ ನೋಡುತ್ತ ಅದರ ಎರಡು ಗೆರೆಗಳ ನಡುವೆ ಪೆನ್ಸಿಲನ್ನು ನಡಸಲು ಹೇಳಿದಳು. ಮೂರು ದಿನ ಈ ಪ್ರಯೋಗ ನಡೆಯಿತು. ದಿನದಿನಕ್ಕೆ ತಪ್ಪುಗಳು ಕಡಮೆಯಾಗುತ್ತ ಹೋದವು. ಆದರೆ ಮೂರನೆಯ ದಿನವೂ ಅವನಿಗೆ ಹಿಂದೆ ತಾನು ಆ ನಕ್ಷತ್ರವನ್ನು ಕಂಡ ನೆನಪಿರಲಿಲ್ಲ. ತಲೆಯು ಮರೆತುದನ್ನು ಕೈ ಮರೆತಿರಲಿಲ್ಲ. ನೆನಪಿಗೂ ಅಭ್ಯಾಸಕ್ಕೂ ಬೇರೆಬೇರೆ ಮನೆಗಳಿವೆಯೆಂದು ೧೯೬೨ರಲ್ಲಿ ಪ್ರಕಟವಾದ ಈ ಪ್ರಯೋಗದಿಂದ ಗೊತ್ತಾಯಿತು. ಬದುಕಿರುವವರೆಗೂ ಕೇವಲ ಎರಡು ಅಕ್ಷರಗಳಿಂದ ಶಾಸ್ತ್ರಗ್ರಂಥಗಳಲ್ಲಿ ಪ್ರಸಿದ್ಧನಾಗಿದ್ದ ಅವನ ಪೂರ್ತಿ ಹೆಸರು, ೨೦೦೮ರಲ್ಲಿ ಎಂಬತ್ತೆರಡು ವರ್ಷದವನಾಗಿ ತೀರಿಕೊಂಡ ಮೇಲೆ, ಜಗತ್ತಿಗೆ ತಿಳಿಯಿತು.

ಅದೇ ಕಡಲಕುದುರೆಯನ್ನು ಎಲಿನೋರ್ ಮೆಗ್ವೈರ್ ಎಂಬಾಕೆ ಲಂಡನ್ನಿನ ಟ್ಯಾಕ್ಸಿ ಚಾಲಕರ ತಲೆಯಲ್ಲಿ ಹುಡುಕಿದಳು. ಅಲ್ಲಿ ಟ್ಯಾಕ್ಸಿಯ ಲೈಸೆನ್ಸು ಬೇಕಾದವನು ಚೇರಿಂಗ್ ಕ್ರಾಸಿನ ಸುತ್ತ ಆರು ಮೈಲಿಗಳೊಳಗಿನ ಸುಮಾರು ೨೫,೦೦೦ ಬೀದಿಗಳನ್ನು ಬಾಯಿಪಾಠ ಮಾಡಿ ಪರೀಕ್ಷೆ ಕೊಡಬೇಕು; ಸಾಮಾನ್ಯವಾಗಿ ಮೂರು ನಾಲ್ಕು ವರ್ಷ ಹಿಡಿಯುತ್ತದೆ. ಅಂಥವರ ಮಿದುಳಿನಲ್ಲಿ ಈ ಅಂಗದ ಹಿಂಭಾಗವು ಇತರರದಕ್ಕಿಂತ ದೊಡ್ಡದಾಗಿದೆಯೆಂದು ೨೦೦೦ದಲ್ಲಿ ಆಕೆ ಪ್ರಕಟಿಸಿದಾಗ, ದೊಡ್ಡದಿರುವವರೇ ಈ ವೃತ್ತಿಗೆ ಬರುತ್ತಾರೇನೋ ಎಂದು ಆಕ್ಷೇಪಣೆ ಬಂದಿತು. ಅದಕ್ಕೆ ಉತ್ತರವಾಗಿ, ಪರೀಕ್ಷೆಗೆ ಓದಲು ಹೊರಟ ೭೯ ಮಂದಿಯನ್ನು ಮೊದಲೇ ಅಳೆದು, ಕೊನೆಯಲ್ಲಿ ಮತ್ತೆ ಅಳೆದರು. ಆರಂಭದಲ್ಲಿ ಯಾವ ಭೇದವೂ ಇರಲಿಲ್ಲ. ತೇರ್ಗಡೆಯಾದ ೩೯ ಮಂದಿಯಲ್ಲಿ ಆ ಭಾಗ ಬೆಳೆದಿತ್ತು, ಇತರರಲ್ಲಿ ಬೆಳೆದಿರಲಿಲ್ಲ. ತೇರ್ಗಡೆಯಾದವರು ವಾರಕ್ಕೆ ಓದಿಗಿಟ್ಟ ಗಂಟೆಗಳೂ ಹೆಚ್ಚಾಗಿದ್ದವೆಂದು ೨೦೧೧ರ ಆ ವರದಿಯಲ್ಲಿಯೇ ಇದೆ.

ಇನ್ನು ಸುಖದ ಮಾತು. ಅಕ್ಷರವನ್ನು ಗಮನದಿಂದ ಮರೆಮಾಡಿ ವಾಕ್ಯಕ್ಕೆ ದಾರಿಬಿಡುವ ಅಭ್ಯಾಸಕ್ಕೆ ಒಬ್ಬಳು ತಂಗಿಯಿದ್ದಾಳೆ. ಅವಳನ್ನು ನಾವು ‘ರೂಢಿ’ ಎನ್ನುತ್ತೇವೆ. ಅವಳು ಬೆಳಗಿನ ಕಾಫಿಯನ್ನೂ, ಹೊಸ ಮನೆಯನ್ನೂ, ಹಣವನ್ನೂ ಅದೇ ರೀತಿ ಗಮನದಿಂದ ಮರೆಮಾಡಿಬಿಡುತ್ತಾಳೆ. ೧೯೭೮ರಲ್ಲಿ ಬ್ರಿಕ್‌ಮನ್ ಮತ್ತು ಅವನ ಸಂಗಡಿಗರು ಅಮೆರಿಕದ ಇಲಿನಾಯ್ ಸಂಸ್ಥಾನದಲ್ಲಿ ಲಾಟರಿಯಲ್ಲಿ ಭಾರಿ ಹಣ ಗೆದ್ದ ೨೨ ಮಂದಿಯನ್ನೂ, ಅಪಘಾತದಲ್ಲಿ ಕೈಕಾಲು ಸ್ವಾಧೀನ ತಪ್ಪಿದ ೨೯ ಮಂದಿಯನ್ನೂ, ಈ ಎರಡಕ್ಕೂ ಸೇರದ ೨೨ ಮಂದಿ ನೆರೆಹೊರೆಯವರನ್ನೂ ಕಂಡು, ಎಷ್ಟು ಸಂತೋಷವಾಗಿದ್ದೀರೆಂದು ಕೇಳಿದರು. ಸೊನ್ನೆಯಿಂದ ಐದರವರೆಗಿನ ಲೆಕ್ಕದಲ್ಲಿ ಗೆದ್ದವರ ಸರಾಸರಿ ೪.೦೦, ನೆರೆಹೊರೆಯವರದು ೩.೮೨, ಅಪಘಾತಕ್ಕೆ ಸಿಕ್ಕವರದು ೨.೯೬. ಗೆಳೆಯನೊಡನೆ ಮಾತು, ಬೆಳಗಿನ ಉಪಾಹಾರ, ಒಂದು ಹಾಸ್ಯದ ಮಾತು, ಇಂಥ ಸಣ್ಣ ಸುಖಗಳನ್ನು ಕುರಿತು ಕೇಳಿದಾಗ, ಲಾಟರಿ ಗೆದ್ದವರೇ ಎಲ್ಲರಿಗಿಂತ ಕೆಳಗಿದ್ದರು.

ಇಷ್ಟು ಸಣ್ಣ ಗುಂಪಿನಿಂದ ದೊಡ್ಡ ಸಿದ್ಧಾಂತವನ್ನು ಕಟ್ಟಿದವರು ಬಹಳ ಮಂದಿ. ರೂಢಿಯ ಕೈಗೆ ಎಲ್ಲವೂ ಸಿಕ್ಕುವುದಿಲ್ಲವೆಂದು ಮುಂದಿನ ಶೋಧನೆಗಳು ತೋರಿಸಿವೆ. ಜರ್ಮನಿಯಲ್ಲಿ ಹದಿನೈದು ವರ್ಷಗಳ ಕಾಲ ಅವೇ ಜನರನ್ನು ಕೇಳುತ್ತ ಬಂದ ಲೆಕ್ಕದಲ್ಲಿ, ಉದ್ಯೋಗ ಕಳೆದುಕೊಂಡವರು ಮತ್ತೆ ಕೆಲಸ ಸಿಕ್ಕಿದ ಮೇಲೂ ಹಿಂದಿನ ತೃಪ್ತಿಗೆ ಪೂರ್ತಿಯಾಗಿ ಮರಳಿರಲಿಲ್ಲವೆಂದು ೨೦೦೪ರಲ್ಲಿ ಕಂಡುಬಂದಿತು. ಸ್ವೀಡನ್ನಿನ ಲಾಟರಿಯಲ್ಲಿ ದೊಡ್ಡ ಮೊತ್ತ ಗೆದ್ದವರಿಗೆ ಬಾಳಿನ ತೃಪ್ತಿ ಎಷ್ಟೋ ವರ್ಷಗಳವರೆಗೆ ಹೆಚ್ಚಾಗಿಯೇ ಉಳಿದಿತ್ತೆಂದು ೨೦೨೦ರ ಮತ್ತೊಂದು ಲೆಕ್ಕ ಹೇಳುತ್ತದೆ. ಹಣವು ಮಣ್ಣೆಂದು ಉಪದೇಶಿಸುವವರು ಈ ಎರಡು ವರದಿಗಳನ್ನೂ ಓದಿಕೊಳ್ಳುವುದು ಒಳ್ಳೆಯದು.

ಆದರೆ ೧೯೭೮ರ ಆ ಕೋಷ್ಟಕದಲ್ಲಿ ಯಾರೂ ಅಷ್ಟಾಗಿ ಎತ್ತಿ ಆಡದ ಒಂದು ಸಾಲಿದೆ. ಈಗಿನ ಸುಖವನ್ನು ಕೇಳಿದ ಮೇಲೆ, ಇನ್ನೆರಡು ವರ್ಷಗಳಾದ ಬಳಿಕ ಎಷ್ಟು ಸಂತೋಷವಾಗಿರುವಿರಿ ಎಂದೂ ಮೂರು ಗುಂಪಿನವರನ್ನು ಕೇಳಿದ್ದರು. ಉತ್ತರಗಳು ಹೆಚ್ಚುಕಡಿಮೆ ಒಂದೇ: ಲಾಟರಿ ಗೆದ್ದವರು ೪.೨೦, ನೆರೆಹೊರೆಯವರು ೪.೧೪, ಹಾಸಿಗೆಯನ್ನೋ ಗಾಲಿಯ ಕುರ್ಚಿಯನ್ನೋ ಹಿಡಿದು ಒಂದು ವರ್ಷವೂ ಆಗದ ಆ ೨೯ ಮಂದಿ, ೪.೩೨.